ಜ್ಞಾಪಕಶಕ್ತಿಯ ಬೆಲೆ

ಜ್ಞಾಪಕಶಕ್ತಿ ಹೆಚ್ಚಬೇಕಾದರೆ ಒಂದೆಲಗದ ತಂಬುಳಿ ಉಣ್ಣಬೇಕೆಂಬುದು ನಮ್ಮ ಮಲೆನಾಡಿನವರ ನಂಬಿಕೆ. ತೋಟದ ಬದಿಯಲ್ಲಿ ಬೇಕಾದಷ್ಟು ಬೆಳೆದಿರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕಂಪ್ಯೂಟರ್ ಎಂಬ ಪ್ರಾಣಿಗೆ ಮಾತ್ರ ಈ ತಂಬುಳಿ ನಾಟುವುದಿಲ್ಲ. ಅದರ ಜ್ಞಾಪಕಶಕ್ತಿಯನ್ನು ಅಂಗಡಿಯಲ್ಲಿ ಜೀಬಿ ಲೆಕ್ಕದಲ್ಲಿ ಕೊಳ್ಳಬೇಕು. ಕೊಳ್ಳಲೋ ಬೇಡವೋ ಎಂದು ನಾನು ಎರಡು ತಿಂಗಳು ಅಳೆದು ಸುರಿದದ್ದು ಒಂದು ಫೋಟೋದ ದೆಸೆಯಿಂದ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಕಣಿವೆಯ ಎಷ್ಟೋ ಊರುಗಳ ಜೊತೆ ನಮ್ಮ ಮನೆಯೂ ಮುಳುಗಿತು. ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ಅಜ್ಜ ಸಾಗರದಿಂದ ಫೋಟೋದವರನ್ನು ಕರೆಸಿ, ಮನೆಯವರು, ನೆಂಟರು, ಆಳುಕಾಳು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಒಂದು ಪಟ ತೆಗೆಸಿದರು. ಒಟ್ಟು ನಲವತ್ತೆರಡು ಜನ. ಆಮೇಲೆ ಮುಳುಗಡೆಯವರೆಂಬ ಹೆಸರು ಹೊತ್ತು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಅಷ್ಟೂ ಜನ ಮತ್ತೆ ಒಂದೆಡೆ ಸೇರಲೇ ಇಲ್ಲ. ಪಟಕ್ಕೆ ಅರವತ್ತು ಮಳೆಗಾಲದ ಬೂಷ್ಟು ಹಿಡಿದಿದೆ. ಹಿಂದೆ ಒಂದೂ ಹೆಸರು ಬರೆದಿಲ್ಲ. ಮುಖ ನೋಡಿ ಹೆಸರು ಹೇಳಬಲ್ಲವರು ಈಗ ಒಬ್ಬರೇ: ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ನಿಂತ ಹೊಸ ಸೊಸೆ, ನನ್ನಮ್ಮ. ಅವಳಿಗೀಗ ಎಂಬತ್ತಮೂರು.

ಪಟ ಎಂಟಿಂಚು ಅಗಲ, ಹತ್ತಿಂಚು ಉದ್ದ. ಕೊನೆಯ ಸಾಲಿನ ಮುಖಗಳು ಹೆಸರುಕಾಳಿನಷ್ಟು. ಅವು ಕಾಣಬೇಕೆಂದು ಇಂಚಿಗೆ 1200 ಚುಕ್ಕಿಯಂತೆ ಸ್ಕ್ಯಾನ್ ಮಾಡಿದೆ. ಕಪ್ಪುಬಿಳುಪು ಪಟವಾದರೂ ಬಣ್ಣದಲ್ಲೇ ಮಾಡಿದೆ; ಹಳದಿ ಕಲೆ ನೀಲಿಯ ಪಾಲಿನಲ್ಲಿ ಎದ್ದು ಕಾಣುತ್ತದೆ, ಕೆಂಪಿನ ಪಾಲಿನಲ್ಲಿ ಅಡಗುತ್ತದೆ, ಅದರಿಂದ ಕಲೆ ತೆಗೆಯುವುದು ಸುಲಭ. ಲೆಕ್ಕ ಹಾಕಿ ನೋಡಿ: ಹನ್ನೊಂದೂವರೆ ಕೋಟಿ ಚುಕ್ಕಿ, ಚುಕ್ಕಿಗೆ ಆರು ಬೈಟು, ಹತ್ತಿರ ಹತ್ತಿರ 690 ಎಂಬಿ. ಮೂಲ ಕೆಡದಿರಲೆಂದು ಅದರ ಮೇಲೆ ಇನ್ನೊಂದು ಪದರ ಹಾಕಿದರೆ ಮತ್ತೆ ಅಷ್ಟೇ. ನನ್ನ ಕಂಪ್ಯೂಟರಿನಲ್ಲಿದ್ದದ್ದು ಎಂಟು ಜೀಬಿ. ಅದರಲ್ಲಿ ವಿಂಡೋಸ್ ತನ್ನ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತದೆ.

ಅಡಿಕೆ ಬೆಳೆಯುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಡಿಸ್ಕ್ ಎಂದರೆ ಅಡಿಕೆ ತುಂಬಿಡುವ ಕೋಣೆ. ಮೆಮೊರಿ ಎಂದರೆ ಹರಡುವ ಅಂಗಳ. ಕೋಣೆ ಎಷ್ಟು ದೊಡ್ಡದಿದ್ದರೇನು, ಕೆಲಸ ನಡೆಯುವುದು ಅಂಗಳದಲ್ಲಿ. ಅಂಗಳ ಸಾಲದಿದ್ದರೆ ಒಂದಷ್ಟನ್ನು ಬಾಚಿ ಒಳಗಿಟ್ಟು, ಇನ್ನೊಂದಷ್ಟನ್ನು ಹೊರಗೆ ತಂದು, ಪುನಃ ಅದನ್ನೇ ಮಾಡಬೇಕು. ಈ ಹೊತ್ತಾಟವೇ ಪರದೆಯ ಮೇಲೆ ತಿರುಗುವ ಆ ಚಕ್ರ.

ತಂಗಿಯ ಮಗ ಬಂದವನು ನೋಡಿ, "ಮಾವ, ಇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಎಂದ. ಅಂಗಡಿಯವರು, "ಮೂವತ್ತೆರಡೇ ಹಾಕ್ಸಿ ಸಾರ್, ಚಿಂತೆನೇ ಇರಲ್ಲ" ಎಂದರು. ಅವರು ಹೇಳಿದ ಬೆಲೆ ಕೇಳಿದ ಮೇಲೆ ನನಗೆ ಚಿಂತೆ ಶುರುವಾಯಿತು. 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿತ್ತು. ಕೃತಕ ಬುದ್ಧಿಮತ್ತೆಯ ದೈತ್ಯ ಯಂತ್ರಗಳಿಗೆ ರಾಶಿ ರಾಶಿ ಮೆಮೊರಿ ಬೇಕಾಗಿ, ತಯಾರಕರು ಅತ್ತಲೇ ತಿರುಗಿದ್ದರು. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಯಂತ್ರಗಳು ಬುದ್ಧಿವಂತರಾಗಲು ಹೊರಟದ್ದಕ್ಕೆ ನಮ್ಮ ಮನೆಯ ನೆನಪು ತುಟ್ಟಿಯಾಯಿತು!

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಿದ್ದಾರಲ್ಲ, ಚಾಚಿ ನೋಡಿದೆ. ಬ್ರೌಸರ್ ಮುಚ್ಚಿದೆ. ಮುಗಿದ ಪದರಗಳನ್ನು ಒಂದಾಗಿಸಿದೆ. ಪಟವನ್ನು ನಾಲ್ಕು ತುಂಡು ಮಾಡಿ ಒಂದೊಂದನ್ನೇ ತಿದ್ದಿದೆ. ಕೆಲಸ ಸಾಗಿತು. ನಾನೊಬ್ಬನೇ ಕುಳಿತು ಕಲೆ ತೆಗೆಯುವುದಾಗಿದ್ದರೆ ಎಂಟು ಜೀಬಿಯಲ್ಲೇ ಕಾಲ ಹಾಕುತ್ತಿದ್ದೆ. ಚಕ್ರ ತಿರುಗುವಾಗ ಎದ್ದು ಹೋಗಿ ಕವಳ ಹಾಕಿಕೊಂಡು ಬಂದರಾಯಿತು.

ಆದರೆ ಪಕ್ಕದಲ್ಲಿ ಅಮ್ಮ ಇರುತ್ತಿದ್ದಳು. ಅವಳಿಗೆ ಇಡೀ ಪಟ ಬೇಕು. ಯಾರು ಯಾರ ಪಕ್ಕ ನಿಂತಿದ್ದಾರೆ ಎಂಬುದರಿಂದಲೇ ಅವಳು ಗುರುತು ಹಿಡಿಯುವುದು. "ಈ ಮುಖ ದೊಡ್ಡ ಮಾಡು" ಎನ್ನುತ್ತಾಳೆ. ಚಕ್ರ ತಿರುಗುತ್ತದೆ. ನಿಧಾನವಾದರೆ ಮಾತಿಗೆ ಸಮಯ ಸಿಗುತ್ತದಲ್ಲ ಎಂದು ನೀವು ಹೇಳಬಹುದು. ಎಂಬತ್ತಮೂರರ ನೆನಪು ಹಾಗಲ್ಲ. ಅದು ಮಿಂಚಿದಂತೆ ಬರುತ್ತದೆ, ಹಿಡಿದರೆ ಉಂಟು. "ತಡಿ ಮಾರಾಯ, ಬಾಯಲ್ಲೇ ಇದೆ" ಎಂದವಳು, ಮುಖ ದೊಡ್ಡದಾಗಿ ಮೂಡುವಷ್ಟರಲ್ಲಿ, "ಏನು ಹೇಳಲಿಕ್ಕೆ ಹೊರಟಿದ್ದೆ?" ಎಂದು ನನ್ನನ್ನೇ ಕೇಳುತ್ತಾಳೆ. ಮೂರನೆಯ ಸಾಲಿನ ಬಲತುದಿಯ ಹುಡುಗ ಹೀಗೆ ಎರಡು ಸಲ ಬಂದು ಎರಡು ಸಲ ಹೋದ.

ಅಂದೇ ನಿರ್ಧರಿಸಿದೆ. ಹೊಸ ಕಂಪ್ಯೂಟರ್ ಬೇಡ, ಮೂವತ್ತೆರಡೂ ಬೇಡ. ಎರಡನೆಯ ಸ್ಲಾಟ್ ಖಾಲಿಯಿತ್ತು. ಹಳೆಯದು ಡಿಡಿಆರ್ 4 ಜಾತಿಯದೆಂದು ನೋಡಿಕೊಂಡು, ಅದೇ ಜಾತಿಯ, ಅದೇ ವೇಗದ ಎಂಟು ಜೀಬಿಯ ಇನ್ನೊಂದು ಪಟ್ಟಿ ತಂದೆ. ಜಾತಿ ಬೇರೆಯಾದರೆ ಅದು ಗೂಡಿಗೆ ಕೂರುವುದೇ ಇಲ್ಲ. ಬೆಲೆ ಇಳಿಯುವವರೆಗೆ ಕಾಯಬಹುದಿತ್ತು. ಮೆಮೊರಿಯ ಬೆಲೆ ಏರುತ್ತದೆ, ಇಳಿಯುತ್ತದೆ. ಅಮ್ಮನ ನೆನಪಿಗೆ ಇರುವುದು ಒಂದೇ ದಿಕ್ಕು.

ಈಗ ಚಕ್ರ ತಿರುಗುವುದೇ ಇಲ್ಲ ಎನ್ನಲಾರೆ, ಆದರೆ ಅಮ್ಮನ ಮಾತನ್ನು ಕಾಯಿಸುವುದಿಲ್ಲ. ನೋಟುಪುಸ್ತಕದಲ್ಲಿ ಮೂವತ್ತೊಂದು ಹೆಸರು ಏರಿವೆ. ಬಲತುದಿಯ ಹುಡುಗ ಇನ್ನೂ ಸಿಕ್ಕಿಲ್ಲ. ಅಮ್ಮ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಒಂದು ಗಂಟೆ ಚುರುಕಾಗಿರುತ್ತಾಳೆ. ಅಷ್ಟರೊಳಗೆ ಪಟ ತೆರೆದಿಟ್ಟುಕೊಂಡು ಕುಳಿತಿರುತ್ತೇನೆ.