ಹತ್ತು ರೂಪಾಯಿಯ ಗಾಡಿ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಹುಡುಗರು ನಮ್ಮ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತರೆ ಊರಿನ ಹಿರಿಮೆಯ ಮಾತು ಬಾರದೆ ಇರುವುದಿಲ್ಲ. ಆಳಂದದವನು ತನ್ನೂರಿನ ಲಾಡ್ಲೆ ಮಶಾಕರ ದರ್ಗಾವನ್ನು ಹೊಗಳುತ್ತಾನೆ. ಅಫಜಲಪುರದವನು ಗಾಣಗಾಪುರದ ದತ್ತಾತ್ರೇಯನನ್ನು ಮುಂದೆ ತರುತ್ತಾನೆ. ಜೇವರ್ಗಿಯವನಾದ ನಾನು ಕಟ್ಟಿಸಂಗಾವಿಯ ಹತ್ತಿರ ತುಂಬಿ ಹರಿಯುವ ಭೀಮೆಯನ್ನು ವರ್ಣಿಸುತ್ತೇನೆ. ಆದರೆ, "ನಿಮ್ಮೂರಾಗ ರೈಲ್ವೆ ಸ್ಟೇಶನ್ ಐತೇನು?" ಎಂದು ಯಾರಾದರೂ ಕೇಳಿದರೆ ಮೂವರ ಬಾಯಿಯೂ ಒಮ್ಮೆಲೇ ಮುಚ್ಚುತ್ತದೆ. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅಂದಿನಿಂದ ಕಲಬುರಗಿಯ ಮೇಲೆ ಗಾಡಿಗಳು ಓಡುತ್ತಲೇ ಇವೆ. ನಮ್ಮ ಮೂರು ಪಟ್ಟಣಗಳಿಗೆ ಮಾತ್ರ ಅವುಗಳ ಸಿಳ್ಳು ಇಂದಿಗೂ ಕೇಳಿಸುವುದಿಲ್ಲ. ರೈಲು ಹತ್ತಬೇಕಾದರೆ ನಾವು ಮೊದಲು ಬಸ್ಸು ಹತ್ತಬೇಕು.

ಊರಿಗೆ ಮುಟ್ಟದ ಸ್ಟೇಶನ್ನಿಗೆ ರೈಲ್ವೆಯವರು ಒಂದು ಚಮತ್ಕಾರದ ಹೆಸರನ್ನಿಡುತ್ತಾರೆ: 'ರೋಡ್' ಎಂದು. ಗಾಣಗಾಪುರ ರೋಡ್ ಎಂದರೆ ಗಾಣಗಾಪುರವಲ್ಲ. ಗಾಣಗಾಪುರಕ್ಕೆ ಹೋಗುವ ರಸ್ತೆ ಇಲ್ಲಿಂದ ಹೊರಡುತ್ತದೆ ಎಂದಷ್ಟೇ ಅದರ ಅರ್ಥ. ಮಹಾರಾಷ್ಟ್ರದಿಂದ ಬಂದ ಭಕ್ತನು ಅಲ್ಲಿ ಇಳಿದು, "ಗುಡಿ ಎಲ್ಲಿ?" ಎಂದು ಸುತ್ತಲೂ ನೋಡಿ, ಅನಂತರ ಇಪ್ಪತ್ತು ಕಿಲೋಮೀಟರಿನ ಸುಮಾರಿಗೆ ಬಸ್ಸಿನಲ್ಲಿಯೋ ಜೀಪಿನಲ್ಲಿಯೋ ಕುಲುಕಾಡಿ ದೇವರನ್ನು ಕಾಣಬೇಕು. ಮಂತ್ರಾಲಯಂ ರೋಡಿನ ಕಥೆಯೂ ಇಂಥದೇ. ಹೀಗೆ ನೋಡಿದರೆ ಇಂದಿನ ವಿಮಾನ ನಿಲ್ದಾಣಗಳೆಲ್ಲ 'ರೋಡ್'ಗಳೇ. ವಿಮಾನಕ್ಕೆ ಮೈಲುಗಟ್ಟಲೆ ಬಯಲು ಬೇಕು. ಅದರ ಸದ್ದು ಊರಿಗೆ ಬೇಡ. ಆದುದರಿಂದ ಅದನ್ನು ಊರ ಹೊರಗಿಡುತ್ತಾರೆ. ಸಮುದ್ರವನ್ನು ಮೂರು ತಾಸಿನಲ್ಲಿ ದಾಟುವ ಮನುಷ್ಯನಿಗೆ ಊರಿನಿಂದ ವಿಮಾನದವರೆಗಿನ ಹಾದಿಯೇ ದೊಡ್ಡ ಪ್ರವಾಸವಾಗಿ ಕುಳಿತಿರುತ್ತದೆ. ಸಿರಿವಂತರಿಗೆ ಅದು ಕಾಲದ ಪ್ರಶ್ನೆ. ನಮ್ಮಂಥವರಿಗೆ ಹಣದ ಪ್ರಶ್ನೆ.

ನಮ್ಮ ಭಾಗದ ಹಿರಿಯರಿಗೆ ಈ ತೊಂದರೆ ಇಷ್ಟಿರಲಿಲ್ಲ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದಿಗೆ ಸೇರಿದ್ದು. ಆಮೇಲೆಯೂ ದೊಡ್ಡ ಕೆಲಸಗಳಿಗೆ ಜನ ಅತ್ತ ಕಡೆಗೇ ಹೋಗುತ್ತಿದ್ದರು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿ 1874ರಷ್ಟು ಹಳೆಯದು. ಆ ಹಳಿಯ ಮೇಲೆಯೇ ಬೇಗಂಪೇಟೆಯ ಸ್ಟೇಶನ್ನಿದೆ. ಹೈದರಾಬಾದಿನ ಹಳೆಯ ವಿಮಾನ ನಿಲ್ದಾಣವೂ ಬೇಗಂಪೇಟೆಯಲ್ಲಿಯೇ ಇದ್ದಿತು. ನಮ್ಮ ಓಣಿಯ ಕಾಕಾ ಒಬ್ಬರು ಆ ದಾರಿಯಿಂದ ಸೌದಿಗೆ ಹೋದವರು. "ಟೇಸನ್ನಾಗ ಇಳದು ಒಂದು ಬೀಡಿ ಸೇದೂದ್ರಾಗ ವಿಮಾನದ ಬಾಗಿಲು ಬರತಿತ್ತು" ಎಂದು ಅವರು ಇಂದಿಗೂ ಹೇಳುತ್ತಾರೆ. ಮಾತಿನಲ್ಲಿ ಸ್ವಲ್ಪ ಉಪ್ಪುಖಾರ ಹೆಚ್ಚಿದ್ದರೂ ಸಾರಾಂಶ ನಿಜವೇ. 2008ರ ಮಾರ್ಚಿನಲ್ಲಿ ಹೈದರಾಬಾದಿನ ವಿಮಾನಗಳು ಶಂಷಾಬಾದಿಗೆ ಹೋದುವು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನಗಳು ದೇವನಹಳ್ಳಿಯ ಕಡೆಗೆ ಹೋದುವು. ಎರಡು ತಿಂಗಳ ಅಂತರದಲ್ಲಿ ಎರಡೂ ರಾಜಧಾನಿಗಳ ಆಕಾಶದ ಬಾಗಿಲುಗಳು ಊರಿನಿಂದ ದೂರ ಸರಿದುವು.

ಕಲಬುರಗಿಗೂ ವಿಮಾನ ನಿಲ್ದಾಣ ಬಂದಿತಲ್ಲವೆ ಎಂದು ವಾಚಕರು ಕೇಳಬಹುದು. ಬಂದಿದೆ. ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿಯ ಹತ್ತಿರ, 2019ರ ನವೆಂಬರ್ 22ರಂದು ಅದು ಪ್ರಾರಂಭವಾಯಿತು. ಅಂದು ಮೊದಲ ವಿಮಾನವು ಇಳಿದುದನ್ನು ನೋಡಿ ಜಿಲ್ಲೆಗೆ ಜಿಲ್ಲೆಯೇ ಹಿಗ್ಗಿತು. ಮೂರು ಕಿಲೋಮೀಟರಿಗೂ ಮಿಕ್ಕಿದ ಓಡುದಾರಿ ಅದರದು. ಆದರೆ ಅಲ್ಲಿಂದ ಹೊರಡುವ ವಿಮಾನಗಳು ಬಂದದ್ದುಂಟು, ನಿಂತದ್ದುಂಟು. ಪರದೇಶಕ್ಕೆ ಹಾರುವ ವಿಮಾನ ಅಲ್ಲಿಲ್ಲ. ಹೊಟ್ಟೆಪಾಡಿಗಾಗಿ ಗಲ್ಫ್ ದೇಶಗಳಿಗೆ ಹೋಗುವ ನಮ್ಮ ಹುಡುಗರು ಇನ್ನೂ ಹೈದರಾಬಾದು, ಬೆಂಗಳೂರು, ಮುಂಬಯಿಗಳ ದಾರಿಯನ್ನೇ ಹಿಡಿಯಬೇಕು.

ಅಂಥ ಹುಡುಗರಲ್ಲಿ ನಮ್ಮಣ್ಣನೂ ಒಬ್ಬ. ಐ.ಟಿ.ಐ. ಮುಗಿಸಿ ವೈರಿಂಗ್ ಕೆಲಸ ಕಲಿತವನು. ಒಂದರ ಹಿಂದೊಂದು ಎರಡು ವರ್ಷ ತೊಗರಿ ಕೈಗೆ ಬರಲಿಲ್ಲ. ಒಮ್ಮೆ ಮಳೆ ಹೆಚ್ಚಾಯಿತು, ಇನ್ನೊಮ್ಮೆ ಬಾರದೇ ಹೋಯಿತು. ಮನೆಯ ಸಾಲ ಬೆಳೆಯಿತು. ಕೊನೆಗೆ ದುಬೈಯಲ್ಲಿ ಎರಡು ವರ್ಷದ ಕೆಲಸ ಗೊತ್ತಾಯಿತು. ಅದರ ಖರ್ಚಿಗಾಗಿ ಅವ್ವನ ಬೋರಮಾಳ ಅಡವಿಗೆ ಹೋಯಿತು. 2024ರ ಮಳೆಗಾಲದ ಆರಂಭದಲ್ಲಿ, ಬೆಂಗಳೂರಿನಿಂದ ಮಧ್ಯಾಹ್ನ ಹೊರಡುವ ವಿಮಾನಕ್ಕೆ ಅವನ ಟಿಕೇಟು ಬಂದಿತು.

ಕಳಿಸಲು ಯಾರು ಹೋಗಬೇಕೆಂಬ ಪ್ರಶ್ನೆ ಎದ್ದಿತು. ಅಪ್ಪ, "ಬಿತ್ತೂ ಹೊತ್ತು, ಎತ್ತ ಬಿಟ್ಟು ನಾ ಹೆಂಗ ಬರ್ಲಿ?" ಎಂದು ಜೇವರ್ಗಿಯ ಬಸ್ ಸ್ಟ್ಯಾಂಡಿನವರೆಗೆ ಬರಲು ಒಪ್ಪಿದ. ನಾನು ಹೋಗುವುದೆಂದು ಗೊತ್ತಾಯಿತು. ಆಗ ಅವ್ವ, "ನಾನೂ ಬರ್ತೀನಿ" ಎಂದಳು. ಅಣ್ಣ ತಡೆದ: "ಯಾಕ ಬೇ ಯವ್ವಾ, ಸುಮ್ಮನ ಖರ್ಚ. ಬೆಂಗಳೂರಿಂದ ವಿಮಾನದ ಜಾಗಾಕ್ಕ ಟ್ಯಾಕ್ಸಿಗೇ ಸಾವಿರ ರೂಪಾಯಿ ಅಂತಾರ." ಅವ್ವ ಹೇಳಿದ್ದು ಒಂದೇ ಮಾತು: "ನನ್ನ ಮಗ ಯಾವ ಬಾಗಿಲದಾಗ ಹಾದು ಒಳಗ ಹೋದ ಅಂತ ನಾ ಕಣ್ಣೀಲೆ ನೋಡಬೇಕು." ಈ ಮಾತಿಗೆ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ.

ಕಲಬುರಗಿಯಲ್ಲಿ ನಾವು ಸೋಲಾಪುರದಿಂದ ಹಾಸನಕ್ಕೆ ಹೋಗುವ ರಾತ್ರಿಯ ಗಾಡಿ ಹತ್ತಿದೆವು. ರಾಯಚೂರಿನಲ್ಲಿ ನಮ್ಮ ಡಬ್ಬಿಗೆ ಒಬ್ಬ ಹುಡುಗ ಬಂದ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಲಗೇಜು ಏರಿಸುವ ಕೆಲಸದವನು, ರಜೆ ಮುಗಿಸಿ ಮರಳುತ್ತಿದ್ದ. ನಮ್ಮ ಗಂಟುಗಳನ್ನು ನೋಡಿಯೇ ಸಂಗತಿಯನ್ನು ತಿಳಿದುಕೊಂಡು ಅವನು ಹೇಳಿದ: "ನೀವು ಬೆಂಗಳೂರಿಗೆ ಯಾಕ ಹೋಗ್ತೀರಿ? ಯಲಹಂಕದಾಗ ಇಳೀರಿ. ಅಲ್ಲಿಂದ ಚಿಕ್ಕಬಳ್ಳಾಪುರದ ಕಡೆ ಹೋಗೂ ಸಣ್ಣ ಗಾಡಿ ಹತ್ರಿ. ನಾನೂ ಅದರಾಗೇ ಹೋಗಾಂವ. ಹತ್ತ ರೂಪಾಯಿ ಟಿಕೇಟು." ಅವ್ವ ನಂಬಲಿಲ್ಲ. "ಹತ್ತ ರೂಪಾಯಿಗೆ ಈಗ ಚಾ ಸೈತ ಬರಂಗಿಲ್ಲ ತಮ್ಮಾ" ಎಂದಳು.

ಆದರೆ ಅದು ನಿಜವಾಗಿತ್ತು. ಬೆಳಗಿನ ಜಾವ ಯಲಹಂಕದಲ್ಲಿ ಇಳಿದು ಮೂರು ಟಿಕೇಟಿಗೆ ಮೂವತ್ತು ರೂಪಾಯಿ ಕೊಟ್ಟೆವು. ಬಂದ ಗಾಡಿ ಯಾವ ಬೆಡಗೂ ಇಲ್ಲದ್ದು. ಅದರಲ್ಲಿ ಕುಳಿತವರನ್ನು ನೋಡಿದರೆ ವಿಮಾನ ಹತ್ತುವವರು ಬೆರಳೆಣಿಕೆಯವರು. ಸಮವಸ್ತ್ರ ತೊಟ್ಟ ಕಾವಲುಗಾರರು, ಕಸಬರಿಗೆ ಹಿಡಿಯುವ ಕೆಲಸದ ಹೆಣ್ಣುಮಕ್ಕಳು, ಹೋಟೆಲ್ಲಿನ ಹುಡುಗರು, ಖಾಲಿ ಬುಟ್ಟಿಗಳೊಡನೆ ಊರಿಗೆ ಮರಳುವ ಹೂವಿನ ವ್ಯಾಪಾರದವರು, ಪುಸ್ತಕ ತೊಡೆಯ ಮೇಲಿಟ್ಟುಕೊಂಡ ವಿದ್ಯಾರ್ಥಿಗಳು ಇವರೇ ಹೆಚ್ಚು. ಬೆಟ್ಟಹಲಸೂರು, ದೊಡ್ಡಜಾಲ ಹೀಗೆ ಒಂದೊಂದೇ ಊರು ಹಿಂದೆ ಸರಿದುವು. ಎರೆಭೂಮಿಯಲ್ಲಿ ಹುಟ್ಟಿ ಬೆಳೆದ ಅವ್ವ ಕಿಟಕಿಯ ಹೊರಗಿನ ಕೆಂಪು ನೆಲವನ್ನು ನೋಡಿ, "ಈ ಹೊಲದಾಗ ಜ್ವಾಳ ಹೆಂಗ ಬೆಳೀತಾರೋ" ಎಂದು ತನಗೆ ತಾನೇ ಹೇಳಿಕೊಂಡಳು.

ಆ ಹಳಿಯ ಚರಿತ್ರೆಯೂ ಸ್ವಾರಸ್ಯವಾಗಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1915ರ ಸುಮಾರಿಗೆ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಚಿಕ್ಕ ಅಳತೆಯ ಹಳಿ ಹಾಕಿದರು. ರಾಗಿ, ತರಕಾರಿ, ಸಂತೆಯ ಜನ ಇವರನ್ನು ಹೊತ್ತು ಆ ಪುಟ್ಟ ಗಾಡಿ ದೇವನಹಳ್ಳಿ, ನಂದಿಗಳ ಮೇಲೆ ಓಡಾಡಿತು. ಬಳಿಕ ಅದನ್ನು ಅಗಲ ಹಳಿಯಾಗಿ ಮಾರ್ಪಡಿಸಿದರು. ಈ ಮಧ್ಯೆ 2008ರಲ್ಲಿ ವಿಮಾನ ನಿಲ್ದಾಣವೇ ಅದರ ಮಗ್ಗುಲಿಗೆ ಬಂದು ಕುಳಿತಿತು. ಆದರೂ ಅಲ್ಲಿ ಗಾಡಿಗೆ ನಿಲ್ಲುವ ಸ್ಥಳವಿರಲಿಲ್ಲ. ಸುಮಾರು ನಾಲ್ಕು ಕಿಲೋಮೀಟರು ದೂರದಲ್ಲಿ ಹಳಿಯಿದ್ದೂ, ಜನ ಬೆಂಗಳೂರಿನಿಂದ ಮೂವತ್ತೈದು ನಲವತ್ತು ಕಿಲೋಮೀಟರು ರಸ್ತೆಯಲ್ಲಿಯೇ ಹೋಗುತ್ತಿದ್ದರು. ಕೊನೆಗೆ ಒಂದು ಪುಟ್ಟ ಹಾಲ್ಟ್ ಸ್ಟೇಶನ್ ಕಟ್ಟಿ, 2021ರ ಜನವರಿ 4ರಿಂದ ಗಾಡಿಗಳನ್ನು ನಿಲ್ಲಿಸತೊಡಗಿದರು. ಹಳಿ ಹಾಕಿ ನೂರು ವರ್ಷ ದಾಟಿದ ಮೇಲೆ, ವಿಮಾನ ಹಾರತೊಡಗಿ ಹನ್ನೆರಡು ವರ್ಷ ಕಳೆದ ಮೇಲೆ, ಒಂದು ಕಟ್ಟೆ ಎದ್ದಿತು. ಅಷ್ಟರಿಂದಲೇ ಒಂದು ಹೊಸ ದಾರಿ ತೆರೆಯಿತು.

ನ್ಯಾಯವಾಗಿ ಅದರ ಹೆಸರೂ 'ರೋಡ್' ಎಂದಿರಬೇಕಾಗಿತ್ತು. ಏಕೆಂದರೆ ಹಾಲ್ಟಿನಲ್ಲಿ ಇಳಿದ ಮೇಲೆ ವಿಮಾನದ ಕಟ್ಟಡಕ್ಕೆ ಮತ್ತೆ ಬಸ್ಸಿನಲ್ಲಿ ಹೋಗಬೇಕು. ಆ ಬಸ್ಸು ನಮ್ಮನ್ನು ಬಾಗಿಲ ಮುಂದೆ ಇಳಿಸಿದಾಗ ಇನ್ನೂ ಬೆಳಗಿನ ಹೊತ್ತು. ಟ್ಯಾಕ್ಸಿಯ ಲೆಕ್ಕವಿರಲಿಲ್ಲ, ಅವಸರವಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತು ಮೂವರೂ ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅಕ್ಕಪಕ್ಕದಲ್ಲಿ ಚಕ್ರದ ಪೆಟ್ಟಿಗೆಗಳನ್ನು ಎಳೆದುಕೊಂಡು ಹೋಗುವವರು ನಮ್ಮನ್ನು ನೋಡಿದರು. ನಾವೂ ಅವರನ್ನು ನೋಡಿದೆವು. ಟ್ಯಾಕ್ಸಿಗೆಂದು ಎತ್ತಿಟ್ಟಿದ್ದ ಸಾವಿರ ರೂಪಾಯಿಯನ್ನು ಅವ್ವ ಸೆರಗಿನ ಗಂಟಿನಿಂದ ಬಿಚ್ಚಿ ಅಣ್ಣನ ಕಿಸೆಯಲ್ಲಿ ತುರುಕಿದಳು. "ಅಲ್ಲಿ ಈ ರೊಕ್ಕ ನಡ್ಯಂಗಿಲ್ಲ ಬೇ" ಎಂದು ಅವನು. "ಬರೂ ಮುಂದ ನಡೀತದಲ್ಲ, ಇಟ್ಟಿರು" ಎಂದು ಅವಳು.

ಬಾಗಿಲಲ್ಲಿ ಜವಾನನು ಟಿಕೇಟು, ಪಾಸ್‌ಪೋರ್ಟು ನೋಡಿ ಅಣ್ಣನೊಬ್ಬನನ್ನೇ ಒಳಗೆ ಬಿಟ್ಟ. ಗಾಜಿನಾಚೆ ಅವನು ಎರಡು ಬಾರಿ ತಿರುಗಿ ನೋಡಿದ. ಮೂರನೆಯ ಬಾರಿ ಜನರಲ್ಲಿ ಮರೆಯಾದ. ಅವ್ವ ಅಳಲಿಲ್ಲ. ಬಾಗಿಲ ಮೇಲಿನ ಅಂಕಿಯನ್ನು ನನ್ನಿಂದ ಓದಿಸಿ ನೆನಪಿನಲ್ಲಿಟ್ಟುಕೊಂಡಳು.

ಮರಳುವ ಗಾಡಿಗೆ ಇನ್ನೂ ಹೊತ್ತಿತ್ತು. ಹಾಲ್ಟಿನ ಬೆಂಚಿನ ಮೇಲೆ ಬಂದು ಕುಳಿತೆವು. ಅಣ್ಣನ ವಿಮಾನದ ಸಮಯವಾದಾಗ ಒಂದರ ಹಿಂದೆ ಒಂದು ಮೂರು ವಿಮಾನಗಳು ಮೇಲೆದ್ದುವು. ಪ್ರತಿಯೊಂದಕ್ಕೂ ಅವ್ವ ಎದ್ದು ನಿಂತು ಕೈಯೆತ್ತಿ, "ಸುಖದಿಂದ ಹೋಗಿ ಬಾ" ಎಂದಳು. ನಾನು, "ಅವ ಇರೂದು ಒಂದರಾಗ ಅಲ್ಲೇನಬೇ?" ಎಂದೆ. "ಯಾವದರಾಗ ಅದಾನೋ ಯಾರಿಗ್ಗೊತ್ತು? ಮೂರಕ್ಕೂ ಹೇಳಿದ್ರ ಆತು. ಉಳಿದ ಎರಡರಾಗೂ ಯಾರದೋ ಮಕ್ಕಳೇ ಇರ್ತಾರ" ಎಂದಳು.

ವಿಮಾನ ನಿಲ್ದಾಣಕ್ಕೆ ರೈಲು ಏತಕ್ಕೆಂದು ಕೇಳುವವರಿದ್ದಾರೆ. ವಿಮಾನಕ್ಕೆ ಸಾವಿರಗಟ್ಟಲೆ ಕೊಡುವವನು ಟ್ಯಾಕ್ಸಿಗೆ ಕೊಡಲಾರನೆ ಎಂಬುದು ಅವರ ತರ್ಕ. ಈ ತರ್ಕದಲ್ಲಿ ಹಾರುವವನ ಲೆಕ್ಕವೊಂದೇ ಇದೆ. ಅವನ ಪೆಟ್ಟಿಗೆ ಎತ್ತುವವನು, ನೆಲ ಒರೆಸುವವಳು ದಿನವೂ ಅಲ್ಲಿಗೆ ಹೋಗಿಬರಬೇಕು. ಅವರ ಸಂಬಳದಲ್ಲಿ ದಿನದ ದಾರಿಖರ್ಚೇ ದೊಡ್ಡ ಪಾಲಾದರೆ ಮನೆಗೆ ಒಯ್ಯುವುದೇನು? ಸಾಲ ಮಾಡಿ ಮಗನನ್ನು ಸಮುದ್ರದಾಚೆ ಕಳಿಸುವ ತಾಯಿಗೆ ಬಾಗಿಲವರೆಗೆ ಬರುವ ಹಕ್ಕು ಬೇಡವೆ? ಬೇರೆ ದೇಶಗಳಲ್ಲಿ ಈ ವಿಚಾರ ಹೊಸದಲ್ಲ. ಲಂಡನ್ನಿನ ಬಳಿಯ ಗ್ಯಾಟ್‌ವಿಕ್‌ನಲ್ಲಿ 1936ರಲ್ಲಿಯೇ ರೈಲ್ವೆ ಸ್ಟೇಶನ್ನಿನಿಂದ ವಿಮಾನದ ಕಟ್ಟಡಕ್ಕೆ ನೆಲದಡಿಯ ದಾರಿ ಮಾಡಿದ್ದರು. ನಮ್ಮ ದೇಶದಲ್ಲಿಯೇ ಚೆನ್ನೈಯ ತಿರುಸೂಲಂ ಸ್ಟೇಶನ್ನು ವಿಮಾನ ನಿಲ್ದಾಣದ ಎದುರಿಗೇ ಇದೆ. ರಸ್ತೆ ದಾಟಿದರೆ ಮುಗಿಯಿತು.

ದೇವನಹಳ್ಳಿಯ ಗಾಡಿಗೆ ಕೊರತೆಗಳಿಲ್ಲವೆಂದಲ್ಲ. ಒಂಟಿ ಹಳಿ, ಗಾಡಿಗಳು ಕೆಲವೇ. ಅಪರಾತ್ರಿಯಲ್ಲಿ ಹಾರುವ ವಿಮಾನಕ್ಕೆ ಅವು ಒದಗುವುದಿಲ್ಲ. 2022ರ ಜೂನಿನಲ್ಲಿ ಬೆಂಗಳೂರಿನ ಉಪನಗರ ರೈಲಿಗೆ ಅಡಿಗಲ್ಲು ಬಿದ್ದಿತು. ಅದರಲ್ಲಿ ದೇವನಹಳ್ಳಿಗೆ ಹೋಗುವ ಮಾರ್ಗವೂ ಸೇರಿದೆ. ಮೆಟ್ರೋವನ್ನೂ ಅತ್ತ ಒಯ್ಯುವ ಕೆಲಸ ಕೈಗೊಂಡಿದ್ದಾರೆ. ಇವೆಲ್ಲ ಬರಲಿ. ಆದರೆ ದೊಡ್ಡದು ಬಂದಾಗ ಚಿಕ್ಕದನ್ನು ಕಿತ್ತುಹಾಕುವ ನಮ್ಮ ಹಳೆಯ ಚಾಳಿ ಇಲ್ಲಿ ಬಾರದಿರಲಿ. ನಮ್ಮ ಜಿಲ್ಲೆಯಲ್ಲಿಯೂ ವಿಮಾನಗಳು ನೆಲೆಯಾಗಿ ಹಾರುವ ದಿನ ಬರಬಹುದು. ಆಗ ಕಲಬುರಗಿಯ ಸ್ಟೇಶನ್ನಿನಿಂದ ಸರಡಗಿಗೆ ಗಾಡಿಯ ವೇಳೆಗೆ ಹೊಂದಿಸಿ ಒಂದು ಬಸ್ಸನ್ನಾದರೂ ಓಡಿಸಲಿ; ಆಳಂದ, ಅಫಜಲಪುರ, ಜೇವರ್ಗಿಗಳಿಂದ ಬರುವ ಬಸ್ಸುಗಳು ಅದಕ್ಕೆ ಕೂಡಲಿ.

ಅಣ್ಣನಿಂದ ತಿಂಗಳು ತಿಂಗಳು ಹಣ ಬರುತ್ತಿದೆ. ಸಾಲ ಅರ್ಧ ತೀರಿದೆ. ಬೋರಮಾಳ ಇನ್ನೂ ಬಿಡಿಸಿಲ್ಲ. ಅವನು ಬರುವ ದಿನ ಹತ್ತಿರವಾದಂತೆ ಅವ್ವ ನನ್ನನ್ನು ಬೇರೇನೂ ಕೇಳುವುದಿಲ್ಲ. "ಆ ಹತ್ತ ರೂಪಾಯಿ ಗಾಡಿ ಇನ್ನೂ ಓಡತದೇನು, ನೋಡಿ ಹೇಳು" ಎನ್ನುತ್ತಾಳೆ.