ಅಂಜುವವರಿಗೂ ಒಲಿಯುವ ಕುಮಾರಪರ್ವತ

ಕುಕ್ಕೆ ಸುಬ್ರಹ್ಮಣ್ಯದ ರಥಬೀದಿಯಲ್ಲಿ ನಿಂತು ಪೂರ್ವಕ್ಕೆ ಕಣ್ಣೆತ್ತಿದ ಯಾತ್ರಿಕನಿಗೆ, ಮುಗಿಲು ಸರಿದ ಮುಂಜಾನೆಗಳಲ್ಲಿ, ಗಿರಿಪಂಕ್ತಿಯೊಂದು ಆಗಸಕ್ಕೆ ಎದ್ದು ನಿಂತಿರುವುದು ಗೋಚರಿಸುತ್ತದೆ. ಸರ್ಪವೊಂದು ಹೆಡೆಯೆತ್ತಿ ಸ್ವಾಮಿಗೆ ನೆರಳು ಹಿಡಿದಂತಿದೆ ಎಂದು ಭಕ್ತರು ಕೈಮುಗಿಯುತ್ತಾರೆ. ಆ ಹೆಡೆಯೇ ಶೇಷಪರ್ವತ. ಅದರ ಆಚೆಗಿರುವುದು ಕುಮಾರಪರ್ವತ. ಕೊಡಗಿನ ಕಡೆ ಅದಕ್ಕೆ ಪುಷ್ಪಗಿರಿಯೆಂದು ಹೆಸರು. ಎತ್ತರ ೧,೭೧೨ ಮೀಟರು, ಅಂದರೆ ೫,೬೧೭ ಅಡಿ. ತಡಿಯಂಡಮೋಳನ್ನು ಬಿಟ್ಟರೆ ಕೊಡಗಿನ ಗಡಿಯೊಳಗೆ ಇದನ್ನು ಮೀರಿಸುವ ಶಿಖರವಿಲ್ಲ.

ತಾರಕಾಸುರನನ್ನು ಸಂಹರಿಸಿ ಬಂದ ಕುಮಾರಸ್ವಾಮಿಯು ಇಲ್ಲಿ ವಿಶ್ರಮಿಸಿದನೆಂದೂ, ಇಂದ್ರನು ತನ್ನ ಮಗಳು ದೇವಸೇನೆಯನ್ನು ಅವನಿಗೆ ಇಲ್ಲಿಯೇ ಧಾರೆಯೆರೆದನೆಂದೂ ಸ್ಥಳಪುರಾಣ ಹೇಳುತ್ತದೆ. ಈ ಬೆಟ್ಟಗಳಲ್ಲಿ ಹುಟ್ಟುವ ಕುಮಾರಧಾರೆ ಸುಬ್ರಹ್ಮಣ್ಯವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ.

ನದಿಯಲ್ಲಿ ಮಿಂದು, ದೇವರ ದರ್ಶನ ಪಡೆದು ಹಿಂತಿರುಗುವವರೇ ಹೆಚ್ಚು. ಅವರ ನಡುವೆ, ಬೆಟ್ಟವನ್ನು ಏರಬೇಕೆಂಬ ಆಸೆಯನ್ನು ಬಹುಕಾಲ ಮನಸ್ಸಿನಲ್ಲೇ ಇಟ್ಟುಕೊಂಡು, ಕಾಲು ಜಾರಿದರೆ ಗತಿಯೇನು ಎಂದು ಹಿಂಜರಿಯುವ ನಗರವಾಸಿ ಗೃಹಸ್ಥರೂ ಗೃಹಿಣಿಯರೂ ಇದ್ದಾರೆ. ಅಂಥವರು ನಾಚಿಕೆಪಡಬೇಕಾದುದಿಲ್ಲ. ಪರ್ವತದಲ್ಲಿ ಅಂಜಿಕೆ ದೋಷವಲ್ಲ. ಅಂಜುವವನು ಹೊತ್ತನ್ನು ಎಣಿಸುತ್ತಾನೆ, ಮೋಡವನ್ನು ಗಮನಿಸುತ್ತಾನೆ, ಹೆಜ್ಜೆಯನ್ನು ನೋಡಿ ಇಡುತ್ತಾನೆ. ಅಂಜಿಕೆಯನ್ನು ಮುಚ್ಚಿಟ್ಟುಕೊಂಡು ಜೊತೆಗಾರರ ವೇಗಕ್ಕೆ ಕಾಲು ಹಾಕುವುದರಲ್ಲಿಯೇ ಅಪಾಯವಿದೆ.

ಮೊದಲು ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ೧೮೯೨ರಲ್ಲಿ ಹೇಳಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ. ಸ್ಥೂಲವಾಗಿ, ಐದು ಕಿಲೋಮೀಟರು ನಡಿಗೆಗೆ ಒಂದು ಗಂಟೆ. ಅದರ ಮೇಲೆ ಪ್ರತಿ ೬೦೦ ಮೀಟರು ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಶಿಖರಕ್ಕೆ ಸುಮಾರು ೧೩ ಕಿಲೋಮೀಟರು; ಏರು ೧,೫೦೦ ಮೀಟರಿಗೂ ಮಿಗಿಲು. ಅಂದರೆ ಗಟ್ಟಿಗನಿಗೇ ಐದು ಗಂಟೆಗೂ ಹೆಚ್ಚು ಬೇಕು. ಅಭ್ಯಾಸವಿಲ್ಲದವನಿಗೆ ವಿಶ್ರಾಂತಿಯೂ ಸೇರಿ ಎಂಟು ಗಂಟೆ ಹಿಡಿಯಬೇಕು. ಮುಂಜಾನೆ ಆರಕ್ಕೆ ಹೊರಟರೂ ಶಿಖರ ಸೇರುವಾಗ ಎರಡು ಗಂಟೆಯಾಗಿರುತ್ತದೆ. ಇಳಿಯುವುದರೊಳಗೆ ಕತ್ತಲು ಕವಿದಿರುತ್ತದೆ. ಶಿಖರದ ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿಯಿಲ್ಲ.

ಈ ಲೆಕ್ಕವೇ ದಾರಿಯನ್ನು ಆರಿಸಿಕೊಡುತ್ತದೆ. ಅಂಜುವವರು ಕುಕ್ಕೆಯಿಂದ ಹೊರಟರೆ, ಗಿರಿಗದ್ದೆಯನ್ನು ದಾಟಿ ಕಲ್ಲುಮಂಟಪದವರೆಗೆ ಹೋಗಿ ಮರಳುವುದು ಒಳಿತು. ಮೊದಲ ಐದಾರು ಕಿಲೋಮೀಟರು ದಟ್ಟವಾದ ಕಾಡು, ಬೇರುಗಳೇ ಮೆಟ್ಟಿಲಾದ ಕಡಿದಾದ ಏರು. ಅದು ಮುಗಿದೊಡನೆ ಗಿರಿಗದ್ದೆ. ಅಲ್ಲಿನ ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆಗಳ ರುಚಿಯನ್ನು ದಶಕಗಳ ಕಾಲದ ಚಾರಣಿಗರು ಮನಸಾರೆ ನೆನೆಯುತ್ತಾರೆ. ಮುಂದೆ ಮರಗಳ ನೆರಳಿಲ್ಲದ ಹುಲ್ಲುಗಾವಲು; ಬಿಸಿಲಿನ ಝಳ, ಬೀಸುವ ಗಾಳಿ, ಕೆಳಗೆ ಅಲೆಯಲೆಯಾಗಿ ಹಬ್ಬಿದ ಹಸಿರು.

ಶಿಖರವನ್ನೇ ಕಾಣಬೇಕೆಂಬುವರಿಗೆ ಸೋಮವಾರಪೇಟೆಯ ಕಡೆಯ ಬೀದಳ್ಳಿಯ ದಾರಿ ಅನುಕೂಲ. ಅದು ಘಟ್ಟದ ಮೇಲಿನಿಂದಲೇ ಆರಂಭವಾಗುವುದರಿಂದ ಸುಮಾರು ಏಳು ಕಿಲೋಮೀಟರು ನಡೆದರೆ ಸಾಕು. ಏಳು ಗಂಟೆಗೆ ಹೊರಟರೆ ನಿಧಾನವಾಗಿ ನಡೆಯುವವರೂ ಮಧ್ಯಾಹ್ನದ ಹೊತ್ತಿಗೆ ತುದಿಯನ್ನು ಮುಟ್ಟಬಹುದು.

ಮಳೆಗಾಲ ಈ ಬೆಟ್ಟಕ್ಕೆ ಸಲ್ಲದು. ಇಂಬಳಗಳ ಕಾಟ ಒಂದೆಡೆ, ಪಾಚಿಗಟ್ಟಿದ ಬಂಡೆ ಇನ್ನೊಂದೆಡೆ. ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯ. ಮಳೆ ಪೂರ್ಣವಾಗಿ ನಿಂತ ಮೇಲಿನ ಚಳಿಗಾಲವೇ ಪ್ರಶಸ್ತ. ೨೦೨೪ರ ಜನವರಿಯ ಕೊನೆಯ ರಜಾದಿನಗಳಲ್ಲಿ ಸಾವಿರಾರು ಮಂದಿ ಒಮ್ಮೆಗೇ ಬೆಟ್ಟದ ಬುಡದಲ್ಲಿ ನೆರೆದ ಬಳಿಕ ಸರಕಾರವು ಚಾರಣವನ್ನು ಕೆಲಕಾಲ ತಡೆದು, ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿತು. ಅಂಜುವವರಿಗೆ ಇದು ಉಪಕಾರವೇ ಸರಿ. ಬೆನ್ನ ಹಿಂದೆ ತಳ್ಳುವ ಗುಂಪಿರುವುದಿಲ್ಲ.

ತಳ ಸವೆಯದ ಬೂಟು, ತಲಾ ಮೂರು ಲೀಟರು ನೀರು, ಅವಲಕ್ಕಿ, ಬೆಲ್ಲ, ಕಿತ್ತಳೆ, ಕೈದೀಪ, ಮಳೆಯಂಗಿ ಇಷ್ಟಿರಲಿ. ಸಾವಿರ ಮೀಟರು ಏರಿದರೆ ಹವೆ ಆರೇಳು ಡಿಗ್ರಿ ತಂಪಾಗುವುದರಿಂದ ಬೆಚ್ಚನೆಯ ಉಡುಪೊಂದು ಬೇಕು. ಮೊಬೈಲು ಕಾಡಿನಲ್ಲಿ ಮೂಕವಾಗುವುದುಂಟು. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯವರಿಗೆ ಮೊದಲೇ ತಿಳಿಸಿರಬೇಕು. ಒಬ್ಬಂಟಿಯಾಗಿ ಹೋಗಬಾರದು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟರೆ ತಂಡ ಚದರುವುದಿಲ್ಲ, ಯಾರಿಗೂ ಏದುಸಿರು ಬರುವುದಿಲ್ಲ.

ನಿಜವಾದ ಪರೀಕ್ಷೆ ಶಿಖರಕ್ಕೆ ಸಮೀಪದ ಓರೆಬಂಡೆಯ ಮೇಲೆ. ಕಾಡು ಸರಿದು ಬಯಲು ಎದುರಾದೊಡನೆ ಮೊಣಕಾಲು ನಡುಗುತ್ತದೆ, ಬಂಡೆಯನ್ನು ತಬ್ಬಿಕೊಳ್ಳಬೇಕೆನ್ನಿಸುತ್ತದೆ. ಆದರೆ ಮೈಯನ್ನು ಬಂಡೆಗೆ ಒರಗಿಸಿದಷ್ಟೂ ಪಾದದ ಹಿಡಿತ ಸಡಿಲವಾಗುತ್ತದೆ. ಮೈಭಾರ ನೇರವಾಗಿ ಪಾದಗಳ ಮೇಲೆ ಬೀಳುವಂತೆ ನಿಂತರೆ ಬೂಟಿನ ತಳ ಕಲ್ಲನ್ನು ಕಚ್ಚುತ್ತದೆ. ಕೈಯೂರಿ ಏರಬೇಕಾದಲ್ಲಿ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ನೆಲೆಗೊಂಡಿರಲಿ, ಒಂದೇ ಚಲಿಸಲಿ. ಕಣ್ಣು ಮುಂದಿನ ನಾಲ್ಕು ಹೆಜ್ಜೆಗಳನ್ನು ಬಿಟ್ಟು ಅತ್ತಿತ್ತ ಹೋಗದಿರಲಿ.

ಬಂಡೆ ಒದ್ದೆಯಾಗಿದ್ದರೆ ಅಲ್ಲಿಗೇ ಪಯಣ ಮುಗಿಯಿತೆಂದು ತಿಳಿಯಬೇಕು. ಏರಲು ಬಂದವನಿಗೆ ಇಳಿಯಲು ಬಾರದಿರಬಹುದು. ಮಂಜು ಕವಿದರೆ ದಾರಿ ಬಿಡದೆ ಕುಳಿತು ಕಾಯಬೇಕು. ಗುಡುಗು ಕೇಳಿಸಿದರೆ ಬಯಲು ನೆತ್ತಿಯನ್ನು ತೊರೆದು ಇಳಿಯಬೇಕು. ಎಲ್ಲಿದ್ದರೂ ಒಂದು ಗಂಟೆಗೆ ಹಿಂತಿರುಗುವುದೆಂದು ಹೊರಡುವ ಮೊದಲೇ ತಂಡದವರು ಒಪ್ಪಿಕೊಂಡಿರಬೇಕು. ಶಿಖರ ಕಣ್ಣೆದುರಿಗೆ ಬಂದಾಗ ಆಸೆಯೇ ಮಾತಾಡುತ್ತದೆ, ವಿವೇಕ ಬಾಯಿ ಮುಚ್ಚುತ್ತದೆ. ಆಗ ನಿರ್ಣಯಿಸುವುದು ಕಷ್ಟ.

ಇಳಿಜಾರಿನಲ್ಲಿ ದಣಿದ ತೊಡೆಗಳು ದೇಹದ ಭಾರವನ್ನು ತಡೆದು ತಡೆದು ಸೋಲುತ್ತವೆ. ಗುರಿ ಮುಟ್ಟಿದ ಮನಸ್ಸು ಎಚ್ಚರ ತಪ್ಪುತ್ತದೆ. ಕಾಲು ಉಳುಕುವುದು ಹೆಚ್ಚಾಗಿ ಆಗಲೇ. ಆದ್ದರಿಂದ ಅರ್ಧ ನೀರನ್ನೂ ಅರ್ಧ ಶಕ್ತಿಯನ್ನೂ ಇಳಿತಕ್ಕೆಂದು ಉಳಿಸಿಕೊಳ್ಳಬೇಕು. ಮೊಣಕಾಲನ್ನು ತುಸು ಬಾಗಿಸಿ, ಕೋಲೂರಿ, ಕಿರುಹೆಜ್ಜೆಯಿಡಬೇಕು.

ಶಿಖರದಲ್ಲಿ ನಿಂತವನಿಗೆ ಒಂದೆಡೆ ಕೊಡಗಿನ ಬೆಟ್ಟಗಳು, ಇನ್ನೊಂದೆಡೆ ಕರಾವಳಿಯತ್ತ ಇಳಿಯುವ ಕಾಡು ತೆರೆದುಕೊಳ್ಳುತ್ತವೆ. ಆ ನೋಟ ದಕ್ಕಿದರೆ ಭಾಗ್ಯವೇ. ಓರೆಬಂಡೆಯ ಬುಡದಿಂದ ಮರಳಿದವರು ಸೋತವರಲ್ಲ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಚಳಿಗಾಲ ಬಂದೇ ಬರುತ್ತದೆ. ಮನೆಯ ಬಾಗಿಲಲ್ಲಿ ಕಾದಿರುವವರಿಗೆ ಬೇಕಾದುದು ಶಿಖರದ ಸುದ್ದಿಯಲ್ಲ, ಏರಲು ಹೋದವರ ಕಾಲ ಸಪ್ಪಳ.