ರಿಪೇರಿ ಹಕ್ಕು ಯಾರಿಗೆ?

ಮಿಕ್ಸಿ, ಫ್ರಿಜ್, ಮೊಬೈಲ್ ರಿಪೇರಿ ಮಾಡಿಸ್ಕೊಳ್ಳೋ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿತು, ಪೋರ್ಟಲ್ಲೂ ತೆರೆಯಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಕಾನೂನನ್ನೇ ತಂದಿತು. ನಮ್ಮಲ್ಲಿನ್ನೂ ಮಾತೇ.

ಆ ಮಾತೂ ಗ್ರಾಹಕನ ಜೇಬಿನ ಸುತ್ತಲೇ. ಎಸೆದ ಮಾಲು ಎಲ್ಲಿಗೆ ಹೋಗುತ್ತೆ? ಗುಜರಿಗೆ. ಅಲ್ಲಿ ತಾಮ್ರಕ್ಕಾಗಿ ವೈರ್ ಸುಟ್ಟು ಹೊಗೆ ಕುಡಿಯೋರು ಹೆಚ್ಚಾಗಿ ನಮ್ಮ ದಲಿತ, ಮುಸ್ಲಿಂ ಬಡವರು. ವಸ್ತು ನಾಲ್ಕು ವರ್ಷ ಹೆಚ್ಚು ಬಾಳಿದರೆ ಅವರ ಎದೆಗೆ ಅಷ್ಟು ಹೊಗೆ ಕಮ್ಮಿ.

ಇನ್ನೊಂದು ಮಾತು. ಬಿಡಿಭಾಗ, ಸರ್ಕ್ಯೂಟ್ ನಕ್ಷೆ ಕಂಪನಿಯ ‘ಅಧಿಕೃತ’ ಸೆಂಟರ್‌ಗೆ ಮಾತ್ರ ಸಿಕ್ಕರೆ ಅದೂ ಒಂದು ಅಗ್ರಹಾರವೇ. ವಿದ್ಯೆಗೆ ಬೀಗ ಹಾಕೋದನ್ನ ನಾವು ತಲೆತಲಾಂತರದಿಂದ ನೋಡಿದೀವಿ. ಬೀದಿ ಬದಿ ಅಂಗಡೀಲಿ ಬೆಸುಗೆ ಹಾಕ್ತಾ ಕಲಿತ ನಮ್ಮ ಹುಡುಗರ ಕೈಗೂ ಆ ನಕ್ಷೆ ಸಿಗಬೇಕು. ಅಂಥ ಕಾನೂನು ಬೇಕು.

ಜೈ ಭೀಮ್.